ನೀಲಿ ಮುಚ್ಚಳದ ಬಾಟಲಿ

“ಬೀಗ ತೆಗಿ,” ಎಂದೆ.

ತಂಗಿ ತೆಗೆಯಲಿಲ್ಲ. ಬೀಗದ ಕೈ ಅವಳ ಬೆರಳಲ್ಲೇ ಇತ್ತು, ಬೀಗ ಮೂಗಿನ ಎದುರೇ ಇತ್ತು. ಎರಡನ್ನೂ ಸೇರಿಸುವುದಷ್ಟೇ ಅವಳಿಂದ ಆಗುತ್ತಿರಲಿಲ್ಲ.

“ಅಕ್ಕ ಹೋದ ಮೇಲೆ ಈ ಕೋಣೆಗೆ ಕಾಲಿಟ್ಟಿಲ್ಲ ಮೇಡಂ. ನಾಳೆ ನೋಡೋಣ್ವಾ?”

“ನಾಳೆ ಅಂದವನ ಮನೆ ಹಾಳು. ತೆಗಿಯಮ್ಮ.”

ಹೀಗೆ ಗದರುವುದು ನನಗೂ ಬೇಕಿರಲಿಲ್ಲ. ಆದರೆ ಆ ಮಧ್ಯಾಹ್ನ ನನ್ನ ಚೀಲದಲ್ಲಿ ಮರಳಿನ ಎರಡು ಪೊಟ್ಟಣಗಳಿದ್ದವು, ಒಂದು ಕೆಂಪು, ಒಂದು ಕಪ್ಪು. ಅವನ್ನು ಬಗಲಲ್ಲಿಟ್ಟುಕೊಂಡು ಇನ್ನೊಂದು ದಿನ ಅವಳ ಮುಖ ನೋಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಕೊನೆಗೆ ಬೀಗ ಬಿಟ್ಟುಕೊಂಡಿತು.

ಹೊಳೆಯ ಆರೋಗ್ಯ ನೋಡುವ ಈ ಪುಟ್ಟ ಕೇಂದ್ರದಲ್ಲಿ ದುಡಿಯುತ್ತಿದ್ದ ಅಕ್ಕ ಮೊಳಕಾಲುದ್ದದ ನೀರಿನಲ್ಲಿ ಮುಖ ಕೆಳಗಾಗಿ ಸಿಕ್ಕಿದ್ದಳು. ಪೊಲೀಸರು ಆತ್ಮಹತ್ಯೆ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಅಲ್ಲವೆಂದು ತೋರಿಸಿಕೊಡಿ ಎಂದು ತಂಗಿ ನನ್ನನ್ನು ಕರೆಸಿದ್ದಳು. “ಅಕ್ಕ ತಾನಾಗಿ ನನ್ನ ಬಿಟ್ಟು ಹೋಗೋಳಲ್ಲ. ಅದೊಂದು ಗೊತ್ತಾದ್ರೆ ಸಾಕು, ನಾನು ಹೇಗೋ ಬದುಕ್ತೀನಿ,” ಎಂದಿದ್ದಳು ಮೊದಲ ದಿನವೇ. ಪೊಲೀಸು ಕೆಲಸ ಬಿಟ್ಟ ಮೇಲೆ ನಾನು ಹಿಡಿದ ಕೇಸುಗಳಲ್ಲಿ ಗೆದ್ದವೂ ಇವೆ, ಸೋತವೂ ಇವೆ. ಗೆದ್ದರೂ ಸೋತಂತೆಯೇ ಎಂದು ಮೊದಲೇ ಗೊತ್ತಾಗಿದ್ದು ಇದೊಂದರಲ್ಲಿ.

ಕೋಣೆಯೊಳಗೆ ಮುಚ್ಚಿದ ಕಿಟಕಿಯ ಮುಗ್ಗಲು ವಾಸನೆ. ಗೋಡೆಯಿಂದ ಗೋಡೆಗೆ ಉದ್ದ ಮೇಜು, ಅದರ ಮೇಲೆ ಬಿಳಿ ಟ್ರೇಗಳು, ಎರಡು ಸೂಕ್ಷ್ಮದರ್ಶಕ, ಎದುರಿಗೆ ಎರಡು ಸ್ಟೂಲು. ಒಂದು ಸ್ಟೂಲಿನ ಮೇಲೆ ಅಕ್ಕನ ಬೂದು ಸ್ವೆಟರು ಹಾಗೇ ಬಿದ್ದಿತ್ತು, ಒಂದು ತೋಳು ಒಳಮಗ್ಗುಲಾಗಿ. ತಂಗಿ ಅದನ್ನು ನೋಡಿದಳು, ಮುಟ್ಟಲಿಲ್ಲ. ಮೇಜಿನ ಹಿಂದೆ ಸೂರಿನವರೆಗೂ ಬಾಟಲಿಗಳ ಕಪಾಟು. ಒಂದೊಂದು ಬಾಟಲಿಯಲ್ಲೂ ಒಂದೊಂದು ಋತುವಿನ ಹೊಳೆ.

ಇವರ ಕೆಲಸ ಅರ್ಥವಾಗಲು ನನಗೆ ಬಹಳ ದಿನ ಹಿಡಿದಿತ್ತು. ಹಿಂದೊಮ್ಮೆ ಹೊಳೆಯ ಎರಡೂ ದಡ ಬೋಳಾಗಿ, ಬಿಸಿಲು ನೇರ ನೀರಿಗೇ ಬಿದ್ದು, ಮಣ್ಣು ಕುಸಿದು, ಒಳಗಿನ ಜೀವವೆಲ್ಲ ಸತ್ತಿತ್ತು. ದಡಕ್ಕೆ ಮತ್ತೆ ಗಿಡ ನೆಟ್ಟರು. ಗಿಡ ಮರವಾಯಿತು, ನೆರಳು ಬಿತ್ತು, ನೀರು ತಂಪಾಯಿತು. ಆದರೆ ಹೊಳೆ ಬದುಕಿತೋ ಇಲ್ಲವೋ ಎಂದು ಹೇಳುವುದು ಮರವಲ್ಲ, ನೀರಿನ ತಳದಲ್ಲಿರುವ ಹುಳ. ಅಕ್ಕ ನೀರಿಗಿಳಿದು, ಹರಿವಿಗೆ ಅಡ್ಡ ಬಲೆ ಹಿಡಿದು, ಅದರ ಮೇಲುಗಡೆಯ ಕಲ್ಲುಗಳನ್ನು ಕಾಲಿನಿಂದ ಒದೆಯುತ್ತಿದ್ದಳು. ಬಲೆಗೆ ಬಂದ ಎಲೆ, ಕಸ, ಮರಳು, ಹುಳ ಎಲ್ಲವನ್ನೂ ಬಾಟಲಿಗೆ ತುಂಬಿ, ಕೊಳೆಯದಂತೆ ಅಲ್ಲೇ ಸ್ಪಿರಿಟ್ ಸುರಿದು ತರುತ್ತಿದ್ದಳು. ತಂಗಿ ಈ ಮೇಜಿನ ಮುಂದೆ ಕೂತು ಕಸದಿಂದ ಹುಳ ಆರಿಸುತ್ತಿದ್ದಳು. ಒಬ್ಬಳು ಒದೆಯುವವಳು, ಇನ್ನೊಬ್ಬಳು ಆರಿಸುವವಳು. ಎಷ್ಟೋ ಸಂಸಾರಗಳು ಇಷ್ಟೂ ನೆಟ್ಟಗಿರುವುದಿಲ್ಲ.

ಇಬ್ಬರೂ ಕಾದು ಕೂತಿದ್ದ ಹುಳಕ್ಕೆ ಪುಸ್ತಕದಲ್ಲಿ ನಾಲಿಗೆ ತಿರುಗದ ಹೆಸರಿದೆ. ಮನೆಯಲ್ಲಿ ಇಟ್ಟ ಹೆಸರು ಮೇಸ್ತ್ರಿ. ಸಿಕ್ಕಿದ ಮರಳಿನ ಕಾಳುಗಳನ್ನೇ ಬಾಯಿಯ ಅಂಟಿನಿಂದ ಜೋಡಿಸಿ, ಮೈಸುತ್ತ ಕೊಳವೆಯಂಥ ಮನೆ ಕಟ್ಟಿಕೊಂಡು, ಅದನ್ನು ಹೊತ್ತೇ ತಿರುಗುತ್ತದೆ. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿ ಕಳೆದ ನನಗಿಂತ ವಾಸಿ. ಕೆಟ್ಟ ನೀರಿನಲ್ಲಿ ಅದು ಬದುಕುವುದಿಲ್ಲ, ಆದ್ದರಿಂದ ಮೇಸ್ತ್ರಿ ಬಂದರೆ ಹೊಳೆ ಬದುಕಿದಂತೆ.

ಮರ ದೊಡ್ಡದಾದರೂ ಎಷ್ಟೋ ವರ್ಷ ಮೇಸ್ತ್ರಿ ಬರಲಿಲ್ಲ. ಆಮೇಲೆ ಒಂದು ದಿನ ಟ್ರೇಯಲ್ಲಿ ಒಂದು ಕಾಣಿಸಿತು. ಅಲ್ಲಿಂದ ಮುಂದೆ ಪ್ರತಿ ಸಲವೂ. ಪತ್ರಿಕೆಯವರು ಬಂದರು, ಹೊಳೆ ಉಳಿಸುವ ಯೋಜನೆ ಮುಂದುವರಿಯಿತು, ಮಾವನ ಕೊರಳಿಗೆ ಹಾರ ಬಿತ್ತು.

ಮಾವ ಎಂದರೆ ಇಬ್ಬರಿಗೂ ಸೋದರಮಾವ, ಕೇಂದ್ರದ ಮುಖ್ಯಸ್ಥ. ಅಪ್ಪ ಅಮ್ಮ ತೀರಿಕೊಂಡಾಗ ಎರಡೂ ಹೆಣ್ಣುಮಕ್ಕಳನ್ನು ಕರೆತಂದು, ತಾನು ಮದುವೆಯ ಗೊಡವೆಗೇ ಹೋಗದೆ, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಕಲಿಸಿ ದೊಡ್ಡವರನ್ನಾಗಿ ಮಾಡಿದ ಮನುಷ್ಯ. ದಡದ ಮರಗಳಲ್ಲಿ ಮುಕ್ಕಾಲು ಪಾಲು ಅವರ ಕೈಯಿಂದಲೇ ಬೇರೂರಿದವು. ನಾವು ಒಳಗೆ ಬರುವಾಗ ಜಗುಲಿಯಲ್ಲಿ ಸಸಿಗಳಿಗೆ ನೀರು ಹಾಕುತ್ತಿದ್ದರು.

“ಊಟ ಆಯ್ತೇನಮ್ಮ?” ಎಂದು ಕೇಳಿದರು. ಆಮೇಲೆ, ಕೇಳದಿದ್ದರೂ, “ಅವತ್ತು ಇಡೀ ದಿನ ನಗರದಲ್ಲಿ ಸಭೆ. ಇಲ್ಲೇ ಇದ್ದಿದ್ರೆ ಹೀಗಾಗೋಕೆ ಬಿಡ್ತಿರಲಿಲ್ಲ,” ಎಂದು ಕಣ್ಣೊರೆಸಿಕೊಂಡರು. ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ.

ಟ್ರೇಯಲ್ಲಿ ಏನೋ ಮೋಸವಿದೆ ಎಂಬ ವಾಸನೆ ಹತ್ತಿದಾಗ ನನ್ನ ಅನುಮಾನ ಹೋಗಿದ್ದು ನೇರ ಅವರ ಮೇಲೆ. ಯೋಜನೆ ನಿಂತರೆ ಕುರ್ಚಿ ಹೋಗುವುದು ಅವರದೇ. ಕಳ್ಳ ಅವರಾಗಿದ್ದರೆ ನನ್ನ ಕೆಲಸ ಹೂವೆತ್ತಿದಷ್ಟು ಸಲೀಸಾಗುತ್ತಿತ್ತು. ಆದರೆ ಹೆಜ್ಜೆ ಹಿಡಿದು ನಡೆದರೆ ಅದು ಬಂದು ನಿಂತದ್ದು ನನ್ನನ್ನು ಕರೆಸಿದವಳ ಬಾಗಿಲಿಗೆ.

“ಹೋದ ವರ್ಷದ ಒಂದು ಮೇಸ್ತ್ರಿ ತೋರಿಸು,” ಎಂದೆ.

ಅವಳು ಕಪಾಟಿನಿಂದ ಒಂದು ಬಾಟಲಿ ತೆಗೆದು, ಚಿಮಟದಿಂದ ಒಂದನ್ನು ಎತ್ತಿ ಗಾಜಿನ ಬಟ್ಟಲಿಗಿಟ್ಟು, ಮಸೂರದ ಕೆಳಗೆ ಸರಿಸಿದಳು.

“ಮನೆ ಯಾವ ಬಣ್ಣ?”

“ಕಪ್ಪು.”

ನಾನು ಕೆಂಪು ಮರಳಿನ ಪೊಟ್ಟಣ ಬಿಚ್ಚಿ ಬಿಳಿ ಟ್ರೇಗೆ ಸುರಿದೆ. ಇಟ್ಟಿಗೆಯ ಪುಡಿಯಂಥ ಕೆಂಪು. “ಇದು ನಿಮ್ಮ ಹೊಳೆಯದು. ಮೇಲಿನಿಂದ ಕೆಳಗಿನವರೆಗೂ ತಳ ಇದೇ. ಬಾಚಿ ತರೋಕೆ ಹೋಗಿ ಹೊಸ ಚಪ್ಪಲಿ ಹೊಳೆಗೆ ಕೊಟ್ಟು ಬಂದೆ.”

ನಾನು ಇನ್ನೊಂದು ಪೊಟ್ಟಣವನ್ನು ಅದರ ಪಕ್ಕಕ್ಕೆ ಸುರಿದೆ. ಕಪ್ಪು ಮರಳು ಬೆಳಕಿಗೆ ಮಿನುಗಿತು.

“ಇದು ಗುಡ್ಡದ ಮೇಲಿನ ತೊರೆಯದು. ನೀನು ರಜೆ ಸಿಕ್ಕಾಗಲೆಲ್ಲ ಹೋಗ್ತೀಯಲ್ಲ, ಅಲ್ಲಿಯದು. ಸಿಕ್ಕಿದ ಮರಳಲ್ಲೇ ಮನೆ ಕಟ್ಟೋ ಹುಳ ಕೆಂಪು ಹೊಳೆಯಲ್ಲಿ ಕಪ್ಪು ಮನೆ ಹೇಗೆ ಕಟ್ಟಿತು? ಮರಳು ಬೇರೆ ಊರಿಂದ ತರಿಸಿಕೊಳ್ತಾ?”

ತಮಾಷೆ ನನಗೇ ಕಹಿಯಾಯಿತು. ತಂಗಿ ಸ್ಟೂಲಿನ ಮೇಲೆ ಕುಸಿದು ಕೂತಳು. ಬೆರಳಿನಿಂದ ಎರಡು ಗುಡ್ಡೆ ಮರಳನ್ನೂ ಬೇರೆ ಬೇರೆ ಸರಿಸಿದಳು.

“ಒಂದೇ ಒಂದು ಹಾಕಿದ್ದೆ ಮೇಡಂ. ಮೊದಲ ಸಲ ಒಂದೇ ಒಂದು.”

“ಯಾಕೆ?”

“ಅಕ್ಕ ಊಟ ಬಿಟ್ಟಿದ್ಳು. ದಿನಾ ಹೊಳೆಗೆ ಹೋಗೋದು, ಬರೋದು, ಗೋಡೆ ಕಡೆ ತಿರುಗಿ ಮಲಗೋದು. ಇಷ್ಟು ಮರ ನೆಟ್ಟು ಏನು ಬಂತು ಕಣೇ, ನಾವು ಹೆಣಕ್ಕೆ ಶೃಂಗಾರ ಮಾಡ್ತಿದ್ದೀವಿ ಅಂದಳು ಒಂದು ದಿನ. ಅವತ್ತು ನಂಗೆ ಭಯ ಆಯ್ತು. ಗುಡ್ಡದ ತೊರೆಯಿಂದ ಒಂದು ತಂದು ಅವಳು ಹಿಡಿದು ತಂದ ಕಸದ ಟ್ರೇಯಲ್ಲಿ ಬಿಟ್ಟೆ.” ಮೂಗು ಒರೆಸಿಕೊಂಡಳು. “ನೀವು ಅವಳನ್ನ ನೋಡಬೇಕಿತ್ತು. ಈ ಮೇಜು ಗುದ್ದಿ ಗುದ್ದಿ ನಕ್ಕಳು. ಸಂಜೆ ಎರಡು ಸಲ ಅನ್ನ ಬಡಿಸಿಕೊಂಡಳು. ಎಷ್ಟು ವರ್ಷ ಆಗಿತ್ತು ಗೊತ್ತಾ ಅವಳು ಹಾಗೆ ಉಂಡು?”

“ಅಲ್ಲಿಗೇ ನಿಲ್ಲಿಸಬೇಕಿತ್ತು.”

“ಹೇಗೆ ನಿಲ್ಲಿಸೋದು? ಮುಂದಿನ ಸಲ ಬರದಿದ್ರೆ ಮೊದಲಿಗಿಂತ ಜಾಸ್ತಿ ಕುಸೀತಾಳೆ. ಹುಲಿ ಸವಾರಿ ಮೇಡಂ. ಹತ್ತೋದು ಗೊತ್ತಿತ್ತು, ಇಳಿಯೋದು ಗೊತ್ತಿರಲಿಲ್ಲ.”

“ಮಾವನಿಗೆ ಗೊತ್ತಿತ್ತಾ?”

“ಇಲ್ಲ. ಯಾರಿಗೂ ಇಲ್ಲ. ಅಕ್ಕನಿಗೂ ಕೊನೇವರೆಗೂ ಗೊತ್ತಾಗಲಿಲ್ಲ. ಅದೊಂದೇ ನನ್ನ ಪುಣ್ಯ.”

ಇಲ್ಲಿಗೆ ಎದ್ದು ಹೊರಟುಬಿಡಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಆ ಪುಣ್ಯವಾದರೂ ಉಳಿಯುತ್ತಿತ್ತು. ಆದರೆ ನಿಜ ಹುಡುಕಿ ಎಂದು ಕರೆಸಿದವಳಿಗೆ ಅರ್ಧ ನಿಜ ಕೊಟ್ಟು ಹೋಗುವ ಚಾಳಿ ನನಗಿಲ್ಲ, ಅದರಿಂದ ನಾನು ಉದ್ಧಾರವಾದದ್ದೂ ಇಲ್ಲ.

“ಗುಡ್ಡದ ತೊರೆ ಹತ್ತಿರ ಒಂದು ಚಹಾ ಅಂಗಡಿ ಇದೆ,” ಎಂದೆ. “ಅಂಗಡಿಯಾಕೆ ನನ್ನ ಕೈಯಲ್ಲಿದ್ದ ಮರಳು ನೋಡಿ ಒಂದು ಮಾತು ಹೇಳಿದ್ಲು. ನಿಮ್ಮ ಥರಾನೇ ಇನ್ನೊಬ್ಬರು ಬಂದಿದ್ರು, ಕರವಸ್ತ್ರದಲ್ಲಿ ಕೆಂಪು ಮರಳು ಗಂಟು ಹಾಕ್ಕೊಂಡು. ತೊರೆಗೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡಿದ್ರು, ಆಮೇಲೆ ಬಂಡೆ ಮೇಲೆ ಕೂತು ಅತ್ತರು, ಚಹಾ ಕೊಟ್ರೂ ಕುಡೀಲಿಲ್ಲ ಅಂತ.”

“ಯಾವಾಗ?” ಎಂದಳು.

“ಅಕ್ಕ ಸಾಯೋ ಹಿಂದಿನ ದಿನ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಸ್ಟೂಲಿನ ಮೇಲಿದ್ದ ಅಕ್ಕನ ಸ್ವೆಟರನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ಒಳಮಗ್ಗುಲಾಗಿದ್ದ ತೋಳನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದಳು.

“ಹಾಗಾದ್ರೆ ಪೊಲೀಸರು ಹೇಳಿದ್ದೇ ಸರಿ. ಅವಳು ಸಾಯೋಕೇ ಹೋದಳು. ನನ್ನಿಂದ.”

ಪೊಲೀಸರ ವಾದ ಇದ್ದದ್ದೂ ಹಾಗೆಯೇ. ಅಕ್ಕ ಅವತ್ತು ಬಲೆ ಹಿಡಿದು ಹೋಗಿದ್ದಳು, ಆದರೆ ಸ್ಪಿರಿಟ್ ಕ್ಯಾನು ಕೋಣೆಯಲ್ಲೇ ಬಿಟ್ಟಿದ್ದಳು. ಹೆಣದ ಹತ್ತಿರ ತುಂಬಿದ ಬಾಟಲಿಯೂ ಸಿಗಲಿಲ್ಲ. ಕೆಲಸಕ್ಕೆ ಹೋದವಳು ಸ್ಪಿರಿಟ್ ಬಿಟ್ಟು ಹೋಗುತ್ತಾಳೆಯೇ, ಬಲೆ ಬರೀ ನೆಪ ಎಂದಿದ್ದರು ಇನ್ಸ್‌ಪೆಕ್ಟರು. ಬೆಳಿಗ್ಗೆ ನಾನೇ ಕೈಯಾರ ಬಾಟಲಿ ತೊಳೆದು ಕೊಟ್ಟೆ ಎಂದು ತಂಗಿ ಅಂಗಲಾಚಿದರೆ, ಖಾಲಿ ಬಾಟಲಿ ನೀರಲ್ಲಿ ತೇಲಿಹೋಗಿರುತ್ತದೆ ಬಿಡಮ್ಮ ಎಂದು ಕಡತ ಮುಚ್ಚಿದ್ದರು. ಆ ಇನ್ಸ್‌ಪೆಕ್ಟರನನ್ನು ನಾನು ಬೇಕಾದಷ್ಟು ಬೈದಿದ್ದೆ. ಈಗ ಬೆಟ್ಟ ಅಗೆದು ಅವನು ಹೇಳಿದ ಇಲಿಯನ್ನೇ ಹಿಡಿದು ತಂದಿದ್ದೆ.

“ನೀರು ಕುಡಿ,” ಎಂದೆ. ಅದಕ್ಕಿಂತ ದೊಡ್ಡ ಸಮಾಧಾನ ನನ್ನ ಬಳಿ ಇರಲಿಲ್ಲ.

ಅವಳು ಎದ್ದು ಮೂಲೆಯ ನಲ್ಲಿಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ಕಪಾಟಿನ ಮುಂದೆ ನಿಂತಳು. ನಿಂತವಳು ಕದಲಲಿಲ್ಲ.

“ಇದು ಇಲ್ಲಿಗೆ ಹೇಗೆ ಬಂತು?”

ಕೆಳಗಿನ ಅರೆಯಲ್ಲಿ, ಬಿಳಿ ಮುಚ್ಚಳದ ಬಾಟಲಿಗಳ ಸಾಲಿನ ಹಿಂದೆ, ಗೋಡೆಗೆ ಒತ್ತಿಕೊಂಡಂತೆ ಒಂದು ನೀಲಿ ಮುಚ್ಚಳ ಕಾಣುತ್ತಿತ್ತು.

“ಯಾವುದು ಅದು?”

“ನಾನು ಅಕ್ಕನಿಗೆ ಕೊಟ್ಟಿದ್ದು. ಅವತ್ತು ಬಿಳೀವು ಮುಗಿದುಹೋಗಿದ್ವು. ಅಡುಗೆಮನೆಯಿಂದ ಒಂದು ಬಾಟಲಿ ತೊಳೆದು ಕೊಟ್ಟೆ. ನೀಲಿ ಮುಚ್ಚಳದ್ದು ಇಡೀ ಕೇಂದ್ರದಲ್ಲಿ ಇದೊಂದೇ ಮೇಡಂ.”

ತೇಲಿಹೋದ ಬಾಟಲಿ ಕಪಾಟು ಹತ್ತಿ ಕೂತಿತ್ತು. ಕೈ ಹಾಕಬೇಡ ಎನ್ನುವಷ್ಟರಲ್ಲಿ ಅವಳು ಅದನ್ನೆತ್ತಿ, ಮುಚ್ಚಳ ತಿರುಗಿಸಿ, ಒಳಗಿದ್ದುದನ್ನು ಇನ್ನೊಂದು ಬಿಳಿ ಟ್ರೇಗೆ ಸುರಿದೇಬಿಟ್ಟಳು.

“ಕಸ ಇಲ್ಲ,” ಎಂದಳು.

“ಅಂದ್ರೆ?”

“ಬಲೆಯಿಂದ ನೇರ ತುಂಬಿದ್ರೆ ಅರ್ಧ ಬಾಟಲಿ ಎಲೆ, ಕೆಸರು ಇರುತ್ತೆ. ಇದರಲ್ಲಿ ಏನೂ ಇಲ್ಲ. ಒಂದೊಂದಾಗಿ ಆರಿಸಿ ಹಾಕಿದಾರೆ.”

ಟ್ರೇಯ ತಳದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಏಳೆಂಟು ಕೊಳವೆಗಳು ಉರುಳಿ ನಿಂತವು. ನನ್ನ ಕಣ್ಣಿಗೆ ಅವು ಬರೀ ಮರಳಿನ ಚೂರುಗಳು. ಅವಳು ಒಂದನ್ನು ಎತ್ತಿ ಮಸೂರದ ಕೆಳಗೆ ಇಟ್ಟು ಬಗ್ಗಿದಳು. ಬಗ್ಗಿದ ತಲೆ ಮೇಲೇಳಲಿಲ್ಲ. ಹೆಗಲು ಮಾತ್ರ ಅಲುಗತೊಡಗಿತು.

“ಏನಮ್ಮ? ಏನಿದೆ?”

“ಕೆಂಪು,” ಎಂದಳು. “ಮನೆ ಕೆಂಪು ಮೇಡಂ. ನೋಡಿ, ನೀವೇ ನೋಡಿ!”

ನೋಡಿದೆ. ಇಟ್ಟಿಗೆಯ ಬಣ್ಣದ ಕಾಳು, ಕಾಳಿಗೆ ಕಾಳು ಕೂಡಿಸಿ, ಎಂಥ ಮೇಸ್ತ್ರಿಯೂ ನಾಚುವಷ್ಟು ನಯವಾಗಿ ಕಟ್ಟಿದ ಗೋಡೆ. ಬಾಗಿಲಿನಿಂದ ಒಂದು ಪುಟ್ಟ ತಲೆ, ಮುಂಗಾಲು ಹೊರಗೆ ಚಾಚಿದ್ದವು.

“ಇದು ನಮ್ಮ ಹೊಳೆಯದು. ನಾನು ತಂದಿದ್ದಲ್ಲ, ಯಾರೂ ತಂದಿದ್ದಲ್ಲ. ತಾನಾಗಿ ಬಂದಿದೆ.” ಅವಳು ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಅಕ್ಕ ಅವತ್ತು ಯಾಕೆ ಸ್ಪಿರಿಟ್ ಬಿಟ್ಟು ಹೋದಳು ಗೊತ್ತಾಯ್ತಾ? ನನ್ನ ಟ್ರೇಯನ್ನ ಅವಳು ನಂಬಲಿಲ್ಲ. ತಾನೇ ಹೊಳೆ ಹತ್ತಿರ ಕೂತು, ತಾನೇ ಆರಿಸಿ, ಕಣ್ಣಾರೆ ನೋಡಬೇಕು ಅಂತ ಹೋದಳು. ನೋಡಿದಳು! ಚಿಮಟ ಹಿಡಿದು ಒಂದೊಂದನ್ನೇ ಎತ್ತಿದಾಳೆ. ಇದನ್ನ ನೋಡಿದ ಅಕ್ಕ ಅಲ್ಲೇ ಸಾಯ್ತಾಳಾ? ಹೇಳಿ ಮೇಡಂ, ಸಾಯ್ತಾಳಾ?”

“ಇಲ್ಲ,” ಎಂದೆ. ಇಷ್ಟು ಖಚಿತವಾಗಿ ನಾನು ಯಾವ ಕೇಸಿನಲ್ಲೂ ಇಲ್ಲ ಎಂದಿರಲಿಲ್ಲ. “ಬಡಿಸಿದ ತಟ್ಟೆ ಬಿಟ್ಟು ಯಾರೂ ಏಳಲ್ಲ. ನಿನ್ನಕ್ಕ ತಾನಾಗಿ ಹೋಗಲಿಲ್ಲ ಕಣೇ.”

ಅವಳು ಸ್ವೆಟರಿಗೆ ಮುಖವೊತ್ತಿ ಜೋರಾಗಿ ಅತ್ತಳು. ಅವಳು ಬೇಡಿದ್ದು ಇದೊಂದನ್ನೇ, ಅದು ಸಿಕ್ಕಿತ್ತು. ಒಂದು ಗಳಿಗೆ ನನಗೂ ಕಣ್ಣು ಮಂಜಾಯಿತು. ಆ ಗಳಿಗೆಯಲ್ಲಿ ಸುಮ್ಮನಿರಬೇಕಾದ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ.

“ಅಲ್ಲಮ್ಮ, ಇಷ್ಟು ದಿನ ಇಲ್ಲಿ ಬಿದ್ದಿದ್ರೂ ಇವು ಕೊಳೆಯದೆ ಹೇಗೆ ಉಳಿದ್ವು?”

“ಸ್ಪಿರಿಟ್‌ನಲ್ಲಿದ್ರೆ ಎಷ್ಟು ವರ್ಷವಾದ್ರೂ—” ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಟ್ರೇಯ ಮೇಲೆ ಬಗ್ಗಿ ಮೂಸಿದಳು. ನಾನೂ ಮೂಸಿದೆ. ಅನುಮಾನವೇ ಇರಲಿಲ್ಲ, ಮೂಗು ಉರಿಯುವಂಥ ಸ್ಪಿರಿಟ್.

“ಅಕ್ಕ ಸ್ಪಿರಿಟ್ ಒಯ್ದಿರಲಿಲ್ಲ,” ಎಂದಳು ನಿಧಾನವಾಗಿ. “ಒಯ್ದಿದ್ರೂ ಹಾಕ್ತಿರಲಿಲ್ಲ. ಕಸದ ಬಾಟಲಿಗೆ ಸ್ಪಿರಿಟ್ ಹಾಕೋಳು, ಆದರೆ ತಾನೇ ಆರಿಸಿ ತೆಗೆದದ್ದನ್ನ ಹೊಳೆ ನೀರಲ್ಲೇ ಜೀವಂತ ತರ್ತಿದ್ಳು, ನಂಗೆ ಓಡಾಡೋದು ತೋರಿಸೋಕೆ. ತೋರಿಸದಿದ್ರೆ ಅವಳಿಗೆ ನಿದ್ದೆ ಬರ್ತಿರಲಿಲ್ಲ.”

“ಸತ್ತು ಮಾರನೇ ದಿನ ಯಾರಾದ್ರೂ ಸುರಿದಿರಬಹುದಾ?”

“ಇಲ್ಲ. ಅಷ್ಟರಲ್ಲಿ ಮೆತ್ತಗಾಗಿ ಕಾಲು ಉದುರಿರೋವು. ಇದರ ಕಾಲು ನೋಡಿ, ಉಗುರು ಕೂಡ ಇದೆ. ಜೀವ ಇದ್ದಾಗಲೇ ಹಾಕಿದ್ದು. ಅವತ್ತೇ. ಸಂಜೆಯೊಳಗೇ.”

ಹಾಗಾದರೆ ಅವತ್ತು ಹೊಳೆಯ ಹತ್ತಿರ ಅಕ್ಕನ ಜೊತೆ ಇನ್ನೊಬ್ಬರಿದ್ದರು. ಬಾಟಲಿ ಎತ್ತಿಕೊಂಡು ಬಂದು, ಸ್ಪಿರಿಟ್ ಸುರಿದು, ಸಾಲಿನ ಹಿಂದೆ ಅಡಗಿಸಿಟ್ಟರು. ಕೇಂದ್ರದ ಕುಡುಕ ಕಾವಲುಗಾರನ ಮುಖ ಒಮ್ಮೆ ಕಣ್ಣ ಮುಂದೆ ಬಂತು, ಬಂದಷ್ಟೇ ಬೇಗ ಹೋಯಿತು. ಸ್ಪಿರಿಟ್ ಅವನ ಕೈಗೆ ಸಿಕ್ಕಿದ್ದರೆ ಅದು ಹುಳದವರೆಗೆ ತಲುಪುತ್ತಲೇ ಇರಲಿಲ್ಲ.

“ನನಗೆ ಒಂದು ಅರ್ಥ ಆಗ್ತಿಲ್ಲ,” ಎಂದೆ. “ಕೊಂದವರಿಗೆ ಬಾಟಲಿ ಸಾಕ್ಷಿ. ಹೊಳೆ ಪಕ್ಕದಲ್ಲೇ ಹರೀತಿದೆ, ಬಗ್ಗಿಸಿ ಸುರಿದ್ರೆ ಮುಗೀತು. ಯಾಕೆ ಉಳಿಸಿದ್ರು? ಯಾವ ಹುಚ್ಚ ಕೊಲೆ ಮಾಡಿ ಹುಳ ಕಾಪಾಡ್ತಾನೆ?”

ತಂಗಿ ಚಿಮಟವನ್ನು ಕೆಳಗಿಟ್ಟಳು. ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಾಗಬಾರದಿತ್ತು ಎಂದು ಅವಳ ಕಣ್ಣೇ ಹೇಳುತ್ತಿತ್ತು.

“ಚೆಲ್ಲೋಕೆ ಕೈ ಬರಲ್ಲ ಮೇಡಂ,” ಎಂದಳು. “ನಮ್ಮ ಕೆಲಸದವರಿಗೆ ಬರಲ್ಲ. ಹಿಡಿದ ಜೀವ ವ್ಯರ್ಥ ಕೊಳೀಬಾರದು. ಮನೆಗೆ ಬೆಂಕಿ ಬಿದ್ರೂ ಮೊದಲು ಸ್ಪಿರಿಟ್ ಹಾಕು, ಆಮೇಲೆ ಓಡು. ನಂಗೆ ಅಕ್ಷರ ಬರೋ ಮುಂಚೆ ಕಲಿತ ಪಾಠ ಅದು.”

“ಕಲಿಸಿದ್ದು ಯಾರು?”

ಅವಳು ಹೇಳಲಿಲ್ಲ. ತೆರೆದ ಬಾಗಿಲಿನಾಚೆ, ಜಗುಲಿಯಲ್ಲಿ, ಸಸಿಗಳ ಮೇಲೆ ನೀರು ಬೀಳುವ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಅದನ್ನೇ ಕೇಳುತ್ತ ಕೂತೆವು. ಇಡೀ ದಿನ ನಗರದಲ್ಲಿ ಸಭೆ ಎಂದು ಸಿಕ್ಕಾಗಲೆಲ್ಲ ಹೇಳಿದ ದನಿ ನನ್ನ ತಲೆಯಲ್ಲಿ ಮತ್ತೆ ಮತ್ತೆ ಸುಳಿಯಿತು. ಹೂಂಗುಟ್ಟಿದ ನನ್ನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ.

ಗುಡ್ಡದಿಂದ ಬಂದ ಅಕ್ಕ ಮೋಸದ ಸುದ್ದಿಯನ್ನು ಮೊದಲು ಹೇಳಿರುವುದು ಅವರಿಗೇ ಇರಬೇಕು. ಇನ್ಯಾರಿಗೆ ಹೇಳುತ್ತಾಳೆ? ನಿಜವಾದ ಮೇಸ್ತ್ರಿ ಸಿಕ್ಕ ಮೇಲೂ ಹಳೆಯ ಮೋಸವನ್ನು ಎಲ್ಲರ ಮುಂದೆ ಒಪ್ಪಿಕೊಳ್ಳೋಣ ಎಂದಿರುತ್ತಾಳೆ, ಒಪ್ಪಿದರೆ ಯೋಜನೆಯೂ ಅವರ ಹೆಸರೂ ಮುಳುಗುತ್ತಿದ್ದವು. ಆಮೇಲೆ ಹೊಳೆಯ ದಡದಲ್ಲಿ ಏನು ಮಾತಾಯಿತು, ಯಾರ ಕೈ ಮೊದಲು ಎದ್ದಿತು, ಅದು ನನಗೆ ಗೊತ್ತಿಲ್ಲ.

ತಂಗಿ ನನ್ನ ಕೈ ಹಿಡಿದಳು.

“ಆತ್ಮಹತ್ಯೆ ಅಂತಲೇ ಇರಲಿ ಮೇಡಂ.”

“ಏನಂದೆ?”

“ಪೊಲೀಸರು ಬರೆದದ್ದು ಹಾಗೇ ಇರಲಿ. ನೀವು ಇಲ್ಲಿಗೆ ಬರಲೇ ಇಲ್ಲ. ನಾವು ಈ ಬಾಟಲಿ ನೋಡಲೇ ಇಲ್ಲ.”

“ಅಕ್ಕ ತಾನಾಗಿ ಹೋಗಲಿಲ್ಲ ಅಂತ ಗೊತ್ತಾಗಬೇಕು ಅಂದವಳು ನೀನೇ.”

“ನಂಗೆ ಗೊತ್ತಾಯ್ತಲ್ಲ. ಸಾಕು.” ನನ್ನ ಕೈಯನ್ನು ಹಿಂಡಿದಳು. “ಅಮ್ಮ ಹೋದಾಗ ನಂಗೆ ಹಾಲು ಕುಡಿಸಿದ ಕೈ ಅದು. ನನ್ನ ತಲೆ ಬಾಚಿದ ಕೈ. ಅಕ್ಕ ಅಂತೂ ತಿರುಗಿ ಬರಲ್ಲ. ಇವರನ್ನೂ ಕಳಕೊಂಡ್ರೆ ನನ್ನ ಅಂತ ಕರೆಯೋಕೆ ಯಾರಿದಾರೆ? ಹೇಳಿ, ಯಾರಿದಾರೆ?”

ಯಾರೂ ಇರಲಿಲ್ಲ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಜಗುಲಿಯಲ್ಲಿ ನೀರಿನ ಸದ್ದು ನಿಂತಿತು. ಚಪ್ಪಲಿ ಬಿಡುವ ಸದ್ದು. ತಂಗಿ ಕೈ ಬಿಡಿಸಿಕೊಂಡು, ಸ್ವೆಟರನ್ನು ಟ್ರೇಯ ಮೇಲೆ ಹರಡಿ, ಕಣ್ಣೊರೆಸಿ ನೆಟ್ಟಗೆ ಕೂತಳು. ಖಾಲಿ ಬಾಟಲಿ ಮೇಜಿನ ಮೇಲೆಯೇ ಉಳಿಯಿತು.

ಮಾವ ಬಾಗಿಲಲ್ಲಿ ನಿಂತರು. ಕೈಯಲ್ಲಿ ಎರಡು ಲೋಟ ಚಹಾ. “ಬಹಳ ಹೊತ್ತಾಯ್ತು, ಒಳಗೆ ಕೂತು ಅಳ್ತಿದೀಯೇನೋ ಅಂತ ತಂದೆ,” ಎಂದವರ ಕಣ್ಣು ನೀಲಿ ಮುಚ್ಚಳದ ಮೇಲೆ ಬಿತ್ತು. ಲೋಟಗಳು ಅಲುಗಲಿಲ್ಲ. ಆದರೆ ಅವರು ಮುಂದೆ ಹೆಜ್ಜೆಯನ್ನೂ ಇಡಲಿಲ್ಲ.

“ಅಕ್ಕನ ಬಾಟಲಿ ಸಿಕ್ತು ಮಾವ,” ಎಂದಳು ತಂಗಿ. ದನಿ ಎಷ್ಟು ಸಹಜವಾಗಿತ್ತೆಂದರೆ ನನಗೇ ಗಾಬರಿಯಾಯಿತು. “ಏನೂ ಇರಲಿಲ್ಲ. ಬರೀ ಕಸ. ಒಂದು ಮೇಸ್ತ್ರಿನೂ ಇಲ್ಲ. ಹೊಳೆ ಸತ್ತೇ ಹೋಗಿದೆ ಮಾವ. ಅದನ್ನ ನೋಡೇ ಅಕ್ಕ ಪಾಪ...”

ಮಾವ ಲೋಟಗಳನ್ನು ಮೇಜಿನ ಮೇಲಿಟ್ಟರು. ಅವರು ಸಮಾಧಾನದ ಉಸಿರು ಬಿಡುತ್ತಾರೆ, ಹೌದು ಮಗಳೇ ಎನ್ನುತ್ತಾರೆ ಎಂದು ನಾನು ಕಾದೆ. ಅಷ್ಟು ಹೇಳಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಅವರು ತಲೆಯಾಡಿಸಿದರು. ಜೀವನವಿಡೀ ನೆಟ್ಟ ಮರಗಳನ್ನು ಒಂದೇ ಮಾತಿನಲ್ಲಿ ಕಡಿದು ಕೆಡವಿದಂತೆ ಆ ಮುಖ ಕುಗ್ಗಿತ್ತು.

“ಕಸ ಎಲ್ಲಿತ್ತು ಅದರಲ್ಲಿ?” ಎಂದರು. “ಎಲ್ಲ ಆರಿಸಿದ್ದಳಲ್ಲ. ಸತ್ತಿಲ್ಲ ಮಗಳೇ, ಹೊಳೆ ಸತ್ತಿಲ್ಲ. ಸರಿಯಾಗಿ ನೋಡು, ಇವೆ. ಕೆಂಪಗಿವೆ.”